ಅರವತ್ತೊಂದು ಕಂತು ಮಲಗಿದ್ದವನು ಎದ್ದು ಹಾಡಿದ್ದು

ಆಯ್ಕೆಗೆಂದು ಹೋದವಳು ಅಕ್ಕ, ಆಯ್ಕೆಯಾಗಿ ಬಂದವನು ತಮ್ಮ. ಈ ಸಂಗತಿಯನ್ನು ಬಿಟ್ಟು ಯಾರಾದರೂ ಅವನ ಕಥೆ ಹೇಳಹೊರಟರೆ ಅಕ್ಕ ಇಂದಿಗೂ ಅಡ್ಡಬಾಯಿ ಹಾಕುತ್ತಾಳೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುವುದು ಕ್ಷೇಮ.

ಆಗ ಅವಳಿಗೆ ಹನ್ನೊಂದು ವರ್ಷ, ಅವನಿಗೆ ಏಳು. ಕೆಮ್ಮಿನ ಔಷಧಿಯ ಜಾಹೀರಾತಿಗೆ ಮಕ್ಕಳು ಬೇಕಾಗಿದ್ದಾರೆ ಎಂದು ಶಾಲೆಯ ಫಲಕದಲ್ಲಿ ಯಾರೋ ಚೀಟಿ ಅಂಟಿಸಿದ್ದರು. ಅಕ್ಕ ಎರಡು ವಾರ ಕನ್ನಡಿಯ ಮುಂದೆ ನಿಂತು ಕೆಮ್ಮಿದಳು. ಒಣಕೆಮ್ಮು, ಕಫದ ಕೆಮ್ಮು, ನೆಂಟರ ಮುಂದೆ ತಡೆದುಕೊಳ್ಳಲು ಹೋಗಿ ತಡೆಯಲಾರದೆ ಬರುವ ಕೆಮ್ಮು, ಹೀಗೆ ಒಂದೊಂದನ್ನೂ ಬೇರೆ ಬೇರೆಯಾಗಿ ರೂಢಿಸಿಕೊಂಡಳು. ಅಮ್ಮ ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಉಳಿಕೆ ನೀಲಿ ಬಟ್ಟೆಯಲ್ಲಿ ಮಗಳಿಗೊಂದು ಕಾಲರಿನ ಫ್ರಾಕು ಹೊಲಿದುಕೊಟ್ಟಳು. ತಮ್ಮನನ್ನು ಜೊತೆಗೆ ಕರೆದೊಯ್ದದ್ದು ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು, ಅಷ್ಟೇ. ಅವನಿಗೆ ಮೂರು ದಿನದಿಂದ ನೆಗಡಿ. ಮೂಗು ಒರೆಸಿ ಒರೆಸಿ ಕೆಂಪಗಾಗಿತ್ತು.

ಅಕ್ಕ ತನ್ನ ಮೂರನೆಯ ಬಗೆಯ ಕೆಮ್ಮನ್ನು ತೋರಿಸುತ್ತಿದ್ದಾಗ ಮೂಲೆಯ ಕುರ್ಚಿಯಿಂದ ಅಪ್ಪಟ ಅಸಲಿ ಕೆಮ್ಮೊಂದು ಸಿಡಿಯಿತು. ಮೇಜಿನ ಹಿಂದೆ ಕೂತಿದ್ದ ಮೂವರೂ ಒಟ್ಟಿಗೇ ತಿರುಗಿದರು.

“ಆ ಹುಡುಗ ಯಾರು?”

“ನನ್ನ ತಮ್ಮ. ಅವನು ಇದಕ್ಕೆ ಬಂದಿಲ್ಲ,” ಅಂದಳು ಅಕ್ಕ.

“ಈಗ ಬಂದ ಹಾಗಾಯ್ತಲ್ಲ,” ಅಂದರು ಜಾಹೀರಾತಿನ ನಿರ್ದೇಶಕರು.

ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯುತ್ತದಂತೆ. ಆದರೆ ಆ ದೈವ ಅಕ್ಕನನ್ನು ಪೂರ್ತಿಯಾಗಿ ಕೈಬಿಡಲಿಲ್ಲ. ಚಿತ್ರೀಕರಣ ಹತ್ತು ದಿನ ತಡವಾಯಿತು, ಅಷ್ಟರಲ್ಲಿ ಅವನ ನೆಗಡಿ ವಾಸಿಯಾಗಿಬಿಟ್ಟಿತು. ದೀಪಗಳ ಮುಂದೆ ನಿಲ್ಲಿಸಿ “ಕೆಮ್ಮು ಮರಿ” ಅಂದರೆ, ಕೋಳಿಮರಿ ಕೂಗಿದ ಹಾಗೊಂದು ಸದ್ದು ಮಾಡಿ ಅಳುಮೋರೆ ಹಾಕಿದ. ಕೊನೆಗೆ ಅಕ್ಕನೇ ಅವನ ರಟ್ಟೆ ಹಿಡಿದು ಪರದೆಯ ಹಿಂದಕ್ಕೆ ಎಳೆದೊಯ್ದು, ಹೊಟ್ಟೆಯಿಂದ ಕೆಮ್ಮುವುದು ಹೇಗೆ, ಕೆಮ್ಮಿದ ಮೇಲೆ ಕಣ್ಣನ್ನು ಹೇಗೆ ಬಿಡಬೇಕು ಎಂದು ಹತ್ತು ನಿಮಿಷ ಪಾಠ ಮಾಡಿದಳು. ಮರಳಿ ಬಂದವನು ಒಂದೇ ಸಲಕ್ಕೆ ಕೆಮ್ಮಿ ಎಲ್ಲರಿಂದ ಚಪ್ಪಾಳೆ ಗಿಟ್ಟಿಸಿದ. “ಕೆಮ್ಮಿದ್ದು ಅವನಿರಬಹುದು, ಕೆಮ್ಮು ನನ್ನದು,” ಎಂದು ಅಕ್ಕ ಅಂದೇ ಘೋಷಿಸಿದಳು. ಇಪ್ಪತ್ತು ವರ್ಷವಾದರೂ ಆ ಹಕ್ಕನ್ನು ಬಿಟ್ಟುಕೊಟ್ಟಿಲ್ಲ.

ಜಾಹೀರಾತು ಒಂದು ವರ್ಷ ಓಡಿತು. ಅಷ್ಟರಲ್ಲಿ ಬೀದಿ ಅವನ ಹೆಸರನ್ನು ಮರೆತು ‘ಕೆಮ್ಮಣ್ಣ’ ಎಂದು ಕರೆಯತೊಡಗಿತ್ತು. ಮನೆಗೆ ಕಿರಿಯವನು, ಬೀದಿಗೆಲ್ಲ ಅಣ್ಣ. ಹಾಲಿನವನ ಬಾಯಲ್ಲೂ ಅಣ್ಣ, ಎಪ್ಪತ್ತು ದಾಟಿದ ಚಪ್ಪಲಿ ರಿಪೇರಿಯ ಅಜ್ಜನ ಬಾಯಲ್ಲೂ ಅಣ್ಣ. ಕಂಪನಿಯವರು ಪ್ರೀತಿಯಿಂದ ಕಳಿಸಿದ ಒಂದು ಪೆಟ್ಟಿಗೆ ಔಷಧಿ ಅಡುಗೆಮನೆಯ ಅಟ್ಟದ ಮೇಲೆ ಕೂತಿತ್ತು. ಯಾರಾದರೂ ಸುಮ್ಮನೆ ಗಂಟಲು ಸರಿಮಾಡಿಕೊಂಡರೂ ಅಮ್ಮ ಚಮಚ ಹಿಡಿದು ಓಡಿ ಬರುತ್ತಿದ್ದಳು.

ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಒಮ್ಮೆ ಏಳು ಅಂತಸ್ತಿನ ಕಟ್ಟಡವೊಂದರಿಂದ ಬರುವಾಗ ಹೊಟ್ಟೆ ಸೀಳಿದ ಮ್ಯಾಂಡೊಲಿನ್ ಒಂದನ್ನು ಹಿಡಿದು ತಂದ. ಮನೆ ಖಾಲಿ ಮಾಡಿದ ಯಾರೋ ಅದನ್ನು ಮೆಟ್ಟಿಲ ಕೆಳಗೆ ಬಿಟ್ಟುಹೋಗಿದ್ದರಂತೆ. ಅಂಟು ಹಾಕಿ, ಎರಡು ದಿನ ಹೊಲಿಗೆ ಯಂತ್ರದ ಅಡಿಗೆ ಒತ್ತಿಟ್ಟು, ಎಂಟು ತಂತಿ ಬಿಗಿದು ಮಗನ ಕೈಗೆ ಕೊಟ್ಟ. “ಬಾರಿಸೋಕೆ ಬಂದ್ರೆ ಬಾರಿಸು, ಬರದಿದ್ರೆ ಗೋಡೆಗೆ ತೂಗುಹಾಕೋಣ,” ಅಂದ. ಹುಡುಗನಿಗೆ ಬಂತು. ಎಷ್ಟು ಬಂತೆಂದರೆ, ಪರೀಕ್ಷೆಗೆ ಓದುತ್ತಿದ್ದ ಅಕ್ಕ ಕಿವಿಗೆ ಹತ್ತಿ ತುರುಕಿಕೊಂಡು ಕೂರಬೇಕಾಯಿತು. ಮುಂದೆ ತಾನು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ ಹಿಡಿಯಲು ಇದೇ ಕಾರಣ ಎಂದು ಆಕೆ ಹೇಳಿಕೊಳ್ಳುವುದುಂಟು. ನಂಬುವವರು ನಂಬಬಹುದು.

ಹದಿನಾಲ್ಕರಲ್ಲಿ ಅವನ ಧ್ವನಿ ಒಡೆಯಿತು. ಎಲ್ಲ ಹುಡುಗರದ್ದೂ ಒಡೆದು ದಪ್ಪಗಾದರೆ, ಇವನದು ಒಡೆದು ಇನ್ನೂ ಸಣ್ಣಗಾಯಿತು. ಎಣ್ಣೆ ಕಾಣದ ಬಾಗಿಲಿನ ಹಾಗೆ ಸ್ವಲ್ಪ ಕಿರ್ರೆನ್ನುತ್ತ, ಸ್ವಲ್ಪ ಮೂಗಿನಲ್ಲೇ ಉಳಿಯುವ ಧ್ವನಿ. ಮೈ ಮಾತ್ರ ಆರಡಿ ಬೆಳೆಯಿತು. ಅಗಲ ಭುಜ, ಅಚ್ಚುಕಟ್ಟಾದ ದವಡೆ. ಬಾಯಿ ಮುಚ್ಚಿದ್ದರೆ ರಾಜಕುಮಾರ, ಬಾಯಿ ಬಿಟ್ಟರೆ ಬಣ್ಣಗೇಡು.

ಹತ್ತೊಂಬತ್ತಕ್ಕೆ ಅವನಿಗೆ ಸಿಕ್ಕಿದ ಮೊದಲ ದೊಡ್ಡ ಪಾತ್ರಕ್ಕೆ ಬಾಯಿ ಬಿಡುವ ಕೆಲಸವೇ ಇರಲಿಲ್ಲ. ದಿನಾ ಸಂಜೆ ಬರುವ ಧಾರಾವಾಹಿ. ಶ್ರೀಮಂತರ ಮನೆಯ ಕಿರಿಮಗ ಮೊದಲನೆಯ ಕಂತಿನಲ್ಲೇ ಕಾರು ಅಪಘಾತದಲ್ಲಿ ಪ್ರಜ್ಞೆ ತಪ್ಪುತ್ತಾನೆ. ಆಮೇಲೆ ಅವನ ಮಂಚದ ಸುತ್ತ ಉಳಿದವರೆಲ್ಲ ನಿಂತು ಆಸ್ತಿಗಾಗಿ ಕಚ್ಚಾಡುತ್ತಾರೆ. ಕೆಮ್ಮಣ್ಣ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ತಲೆಗೆ ಪಟ್ಟಿ ಕಟ್ಟಿಸಿಕೊಂಡು, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದರೆ ಸಂಜೆ ಏಳುತ್ತಿದ್ದ. ಹೀಗೆ ಅರವತ್ತೊಂದು ಕಂತು. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಅವನ ಪಾಲಿಗೆ ಉದ್ಯೋಗವಾಗಿತ್ತು.

ಆಸ್ಪತ್ರೆಯಲ್ಲಿ ಅಕ್ಕನನ್ನು ಎಲ್ಲರೂ ಕೇಳುತ್ತಿದ್ದರು, “ನಿಮ್ಮ ತಮ್ಮ ಯಾವಾಗ ಏಳ್ತಾರೆ?”

“ಮನೇಲೂ ಹತ್ತು ಬಾರಿ ಕೂಗದೆ ಏಳಲ್ಲ ಅವನು. ಪಾತ್ರಕ್ಕೋಸ್ಕರ ಹುಟ್ಟಿದಾನೆ,” ಅನ್ನುತ್ತಿದ್ದಳು.

ಆದರೆ ಸುಮ್ಮನೆ ಮಲಗುವುದು ಅಷ್ಟು ಸುಲಭವಲ್ಲ. ಮೂಗು ತುರಿಸುತ್ತದೆ. ಅತ್ತೆಯ ಪಾತ್ರದವರ ಕಣ್ಣೀರು ಕೆನ್ನೆಯ ಮೇಲೆ ಬಿದ್ದು ಕಿವಿಯೊಳಕ್ಕೆ ಇಳಿಯುತ್ತದೆ. ಇವನ್ನೆಲ್ಲ ಮರೆಯಲು ಅವನು ತಲೆಯೊಳಗೇ ರಾಗ ಕಟ್ಟತೊಡಗಿದ. ಮ್ಯಾಂಡೊಲಿನ್ ಇಲ್ಲದೆ, ಕೈ ಆಡಿಸದೆ, ಬರೀ ಮನಸ್ಸಿನಲ್ಲೇ. ಐವತ್ತೆಂಟನೆಯ ಕಂತಿನ ದಿನ ಒಂದು ಒಳ್ಳೆಯ ಸಾಲು ಹೊಳೆದು, ತಾಳ ಸೇರಿ, ಮೈ ಮರೆಯಿತು. ಹೊದಿಕೆಯ ತುದಿಯಿಂದ ಹೊರಗೆ ಇಣುಕುತ್ತಿದ್ದ ಬಲಗಾಲಿನ ಹೆಬ್ಬೆರಳು ಟಪಟಪ ಎಂದು ಆಡಿತು. ನಿರ್ದೇಶಕರು ನೋಡಲಿಲ್ಲ, ಎಡಿಟಿಂಗ್ ಮಾಡುವವರೂ ನೋಡಲಿಲ್ಲ. ಮನೆಮನೆಯಲ್ಲಿ ಕೂತವರೆಲ್ಲ ನೋಡಿದರು.

ಮರುದಿನ ವಾಹಿನಿಯ ಕಚೇರಿಗೆ ಫೋನಿನ ಮೇಲೆ ಫೋನು. “ಬೆರಳು ಆಡ್ತು! ಪ್ರಜ್ಞೆ ಬರ್ತಿದೆ! ಆ ಡಾಕ್ಟರಿಗೆ ಕಣ್ಣಿಲ್ವಾ?” ಧಾರಾವಾಹಿಯ ಕಥೆ ಬರೆಯುವವರು ಆ ವಾರವೇ ಅವನನ್ನು ಸಾಯಿಸಲು ಮೂರು ಕಂತು ಬರೆದಿಟ್ಟಿದ್ದರು. ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿ, ತಾವೇ ಮುಂದಾಲೋಚನೆಯಿಂದ ಬೆರಳು ಆಡಿಸಿದ್ದಾಗಿ ಪತ್ರಿಕೆಗೆ ಹೇಳಿಕೆ ಕೊಟ್ಟರು.

ಅರವತ್ತೆರಡನೆಯ ಕಂತಿನಲ್ಲಿ ಕೆಮ್ಮಣ್ಣ ಕಣ್ಣು ತೆರೆದು “ಅಮ್ಮಾ” ಅಂದ. ಸೆಟ್ಟಿನಲ್ಲಿ ದೀಪ ಹಿಡಿದಿದ್ದವನು ಮುಖ ಗೋಡೆಗೆ ತಿರುಗಿಸಿಕೊಂಡ. ಅವನ ಬೆನ್ನು ಕುಲುಕುತ್ತಿತ್ತು. ನಿರ್ದೇಶಕರು ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. “ನಟನೆ ಬಹಳ ಚೆನ್ನಾಗಿದೆ ಕಣಪ್ಪ. ಧ್ವನಿಗೆ ಬೇರೆಯವರನ್ನ ಇಡ್ತೀವಿ.”

ಮನೆಯಲ್ಲಿ ನಾಲ್ವರೂ ಕೂತು ಆ ಕಂತು ನೋಡಿದರು. ಮಗ ಬಾಯಿ ತೆರೆದ. ಗುಡುಗು ದೂರದಲ್ಲಿ ಉರುಳಿದಂಥ ಧ್ವನಿ ಹೊರಬಂತು.

“ಇದ್ಯಾರೋ ನಿನ್ನೊಳಗೆ ಕೂತಿರೋದು?” ಅಂದಳು ಅಮ್ಮ.

ಅಪ್ಪ ತಲೆದೂಗಿದ. “ಈ ಧ್ವನೀಲಿ ಕೇಳಿದ್ರೆ ನಾನು ನಿಂಗೆ ಯಾವುದಕ್ಕೂ ಇಲ್ಲ ಅಂತಿರ್ಲಿಲ್ಲ.”

ಎಲ್ಲರೂ ನಕ್ಕರು. ಕೆಮ್ಮಣ್ಣನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಅಕ್ಕನಂತೂ ಒಂದು ವಾರ ಅವನನ್ನು ‘ಗುಡುಗಪ್ಪ’ ಎಂದೇ ಕರೆದಳು.

ಅವಳ ನಗು ನಿಂತದ್ದು ಬ್ರೆಡ್ಡಿನ ಅಂಗಡಿಯಲ್ಲಿ. ಗಲ್ಲಾದಲ್ಲಿದ್ದ ಹೆಂಗಸು ಅವನನ್ನು ಗುರುತಿಸಿ, “ಅಯ್ಯೋ ನೀವಾ! ಆ ಮಾತು ಒಂದ್ಸಲ ಹೇಳಿ, ‘ಈ ಮನೆ ನನ್ನದು’ ಅಂತೀರಲ್ಲ, ಅದು,” ಎಂದು ಕೇಳಿದಳು. ಅವನು ನಗುತ್ತ ಕೈಮುಗಿದ, ಬೇಕಾದ ಬ್ರೆಡ್ಡನ್ನು ಬೆರಳಿನಿಂದ ತೋರಿಸಿದ, ಒಂದು ಮಾತೂ ಆಡದೆ ಹೊರಬಂದ. ಆಮೇಲೆ ಅಕ್ಕ ಗಮನಿಸತೊಡಗಿದಳು. ಆಟೋ ಹತ್ತಿದರೆ ವಿಳಾಸವನ್ನು ಫೋನಿನಲ್ಲಿ ತೋರಿಸುತ್ತಾನೆ. ಯಾರಾದರೂ ಕರೆ ಮಾಡಿದರೆ ಎತ್ತದೆ ಸಂದೇಶ ಬರೆಯುತ್ತಾನೆ. ಮ್ಯಾಂಡೊಲಿನ್ ಬಾರಿಸುತ್ತಾನೆ, ಜೊತೆಗೆ ಹಾಡುವುದನ್ನು ನಿಲ್ಲಿಸಿದ್ದಾನೆ. ಹುಡುಗ ಪರದೆಯ ಮೇಲೆ ಎದ್ದು ಕೂತು, ಮನೆಯಲ್ಲಿ ಪ್ರಜ್ಞೆ ತಪ್ಪಿದ್ದ.

ಇಂಥ ಹೊತ್ತಿನಲ್ಲಿ ಬೇರೆ ಅಕ್ಕಂದಿರು ತಲೆ ನೇವರಿಸಿ ಸಮಾಧಾನ ಹೇಳುತ್ತಾರೇನೋ. ಇವಳಿಗೆ ಆ ವಿದ್ಯೆ ಬರುವುದಿಲ್ಲ. ಮುಖ್ಯ ವೈದ್ಯರ ಒಪ್ಪಿಗೆ ಪಡೆದು, ಭಾನುವಾರ ಬೆಳಿಗ್ಗೆ ಅವನನ್ನೂ ಮ್ಯಾಂಡೊಲಿನ್ನನ್ನೂ ಆಸ್ಪತ್ರೆಗೆ ಎಳೆದೊಯ್ದಳು.

“ನನ್ನ ಕಿವಿ ಸರಿಯಾಗೇ ಇದೆಯಲ್ಲ,” ಅಂದ ಅವನು.

“ನಿನ್ನ ಕಿವಿ ಯಾರಿಗೆ ಬೇಕಾಗಿದೆ? ಒಳಗೆ ಹೋಗಿ ಕೂತ್ಕೋ.”

ಕಿವಿ ಪರೀಕ್ಷೆಯ ಕೋಣೆ ಬಟ್ಟೆಯ ಬೀರುವಿಗಿಂತ ಸ್ವಲ್ಪ ದೊಡ್ಡದು. ಗೋಡೆಗೆಲ್ಲ ಬೂದು ಬಣ್ಣದ ಮೆತ್ತೆ, ದಪ್ಪ ಬಾಗಿಲು, ಮುಂದೊಂದು ಗಾಜು. ಬಾಗಿಲು ಹಾಕಿದರೆ ಹೊರಗಿನ ಲೋಕವೇ ಇಲ್ಲವಾಗುತ್ತದೆ. ಅಕ್ಕ ಒಳಗೊಂದು ಮೈಕು ಇಟ್ಟು, ಗಾಜಿನ ಈಚೆ ಹೆಡ್‌ಫೋನ್ ಹಾಕಿಕೊಂಡು ಕೂತಳು. ಅವನು ಮೊದಲು ಬರೀ ತಂತಿ ಮೀಟಿದ. ಬಹಳ ಹೊತ್ತು ಬರೀ ಅಷ್ಟೇ. ಆಮೇಲೆ, ಹೆಬ್ಬೆರಳು ಆಡಿಸಿದ ಆ ರಾಗಕ್ಕೆ ತಾನೇ ಕಟ್ಟಿದ್ದ ಮಾತು ಸೇರಿಸಿ ಹಾಡಿದ. ಮನೆಯಲ್ಲಾದರೆ ನಲ್ಲಿಯ ಸದ್ದು, ಹೊಲಿಗೆ ಯಂತ್ರದ ಸದ್ದು, ಮಹಡಿಯ ಮೇಲಿನವರ ಜಗಳ. ಇಷ್ಟು ವರ್ಷದಲ್ಲಿ ಆ ಧ್ವನಿ ಒಂಟಿಯಾಗಿ ಅವಳ ಕಿವಿಗೆ ಬಿದ್ದದ್ದು ಇದೇ ಮೊದಲು. ತೆಳ್ಳಗಿತ್ತು, ಮೂಗಿನಲ್ಲೇ ಇತ್ತು, ಆದರೆ ಒಂದೊಂದು ಅಕ್ಷರವೂ ಅವನು ಎದುರು ಕೂತು ನಿನಗಷ್ಟೇ ಎಂದು ಹೇಳುತ್ತಿರುವ ಹಾಗಿತ್ತು. ಅಕ್ಕನಿಗೆ ಎತ್ತ ನೋಡಬೇಕೋ ತಿಳಿಯಲಿಲ್ಲ. ಮೇಜಿನ ಮೇಲಿದ್ದ ರೋಗಿಗಳ ನಮೂನೆಯೊಂದನ್ನು ಎಳೆದುಕೊಂಡು, ಏನೋ ಬರೆಯುವವಳಂತೆ ಗೀಚಿದಳು.

“ಹೇಗಿತ್ತು?” ಅಂದ ಅವನು ಗಾಜಿನ ಆಚೆಯಿಂದ.

“ಎರಡನೇ ಸಾಲಲ್ಲಿ ಶ್ರುತಿ ತಪ್ಪಿದೆ.”

“ಗೊತ್ತು.”

“ಗೊತ್ತಿದ್ರೆ ಮತ್ತೆ ಹಾಡು.”

ಆರು ಭಾನುವಾರಗಳಲ್ಲಿ ನಾಲ್ಕು ಹಾಡು ಮುಗಿದವು. ಅವನ್ನು ಕೇಳಿದ ಗೆಳೆಯರಿಬ್ಬರು, ಒಬ್ಬ ಡ್ರಮ್ಸಿನವನು, ಇನ್ನೊಬ್ಬ ಗಿಟಾರಿನವನು, ಜೊತೆಗೂಡಿದರು. ಧಾರಾವಾಹಿಯ ಹೆಸರಿನ ಬಲದಿಂದ ಊರಿನ ದೊಡ್ಡ ಸಭಾಂಗಣದಲ್ಲಿ ಒಂದು ಸಂಗೀತ ಕಛೇರಿಯೂ ಗೊತ್ತಾಯಿತು. ಎಂಟುನೂರು ಕುರ್ಚಿ ಭರ್ತಿ. ಕೆಮ್ಮಣ್ಣ ವೇದಿಕೆಗೆ ಬಂದಾಗ ಸಿಳ್ಳೆ, ಕೂಗು, ಚಪ್ಪಾಳೆ.

“ಎಲ್ಲರಿಗೂ ನಮಸ್ಕಾರ,” ಅಂದ.

ಸಭೆ ಹೋ ಎಂದು ನಕ್ಕಿತು. ತಮಾಷೆಗೆ ಧ್ವನಿ ಬದಲಿಸಿ ಮಾತಾಡುತ್ತಿದ್ದಾನೆ ಎಂದುಕೊಂಡರು. ಅವನು ಹಾಡಲು ಶುರು ಮಾಡಿದ. ನಗು ನಿಂತು ಪಿಸುಮಾತು ಎದ್ದಿತು. ಎರಡನೆಯ ಹಾಡಿನ ನಡುವೆ ಹಿಂದಿನಿಂದ ಯಾರೋ ಕೂಗಿದರು, “ತಮಾಷೆ ಸಾಕು, ನಿಜವಾದ ಧ್ವನೀಲಿ ಹಾಡೋ!” ಇನ್ನೊಬ್ಬ ಎದ್ದುನಿಂತ. “ಇವನು ಅವನಲ್ಲ ಕಣ್ರೀ, ಯಾರನ್ನೋ ಕರ್ಕೊಂಡ್ಬಂದು ನಿಲ್ಸಿದಾರೆ!” ಡ್ರಮ್ಸಿನವನ ಕೈ ನಿಧಾನವಾಯಿತು. ಕೆಮ್ಮಣ್ಣ ಹಾಡುವುದನ್ನು ಬಿಟ್ಟು ಮ್ಯಾಂಡೊಲಿನ್ನನ್ನು ಎದೆಗೆ ಒತ್ತಿ ಹಿಡಿದು ನಿಂತ. ಬದಿಯ ಪರದೆಯ ಹತ್ತಿರವಿದ್ದ ಅಕ್ಕನಿಗೆ ಓಡಿಹೋಗಿ ಅವನ ರಟ್ಟೆ ಹಿಡಿದು ಎಳೆದು ತರಬೇಕೆನಿಸಿತು.

ಆಗ ನಾಲ್ಕನೆಯ ಸಾಲಿನಿಂದ ಕುಳ್ಳಗಿನ, ಬೋಳುತಲೆಯ ಒಬ್ಬರು ಎದ್ದರು. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು.

“ದಯವಿಟ್ಟು ಎಲ್ಲರೂ ಕೂತ್ಕೊಳ್ಳಿ,” ಅಂದರು.

ಅದೇ ಗುಡುಗು. ಎಂಟುನೂರು ಜನ ಕಲ್ಲಾದರು. ವೇದಿಕೆಯ ಮೇಲಿದ್ದವನು ಬಾಯಿ ತೆರೆದಿರಲಿಲ್ಲ, ಆದರೆ ಅವನ ಧ್ವನಿ ನಾಲ್ಕನೆಯ ಸಾಲಿನಿಂದ ಬರುತ್ತಿತ್ತು.

“ಈ ಧ್ವನಿ ನಂದು. ನಾನು ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲತ್ತೆ ಅಂತ ಹೇಳೋನು. ಒಂದೂವರೆ ವರ್ಷದಿಂದ ಈ ಹುಡುಗನ ಬಾಯಿಗೆ ಮಾತಾಡ್ತಿದೀನಿ. ಅವನ ಮುಖ ಎದುರಾ ಎದುರು ನೋಡ್ಬೇಕು ಅಂತ ಟಿಕೆಟ್ ತಗೊಂಡು ಬಂದೆ. ನಂಗೆ ಹಾಡಕ್ಕೆ ಬರಲ್ಲ. ಅವನಿಗೆ ಬರತ್ತೆ. ಅವನ ಪಾಡಿಗೆ ಹಾಡಕ್ಕೆ ಬಿಡಿ.”

ಹೇಳಿ ಕೂತುಬಿಟ್ಟರು. ಕೆಮ್ಮಣ್ಣ ಅವರ ಕಡೆಗೆ ತಲೆಬಾಗಿದ. ಆಮೇಲೆ ಎರಡನೆಯ ಹಾಡನ್ನು ಮೊದಲಿನಿಂದ ಎತ್ತಿಕೊಂಡ. ಕಾಲುಭಾಗದಷ್ಟು ಜನ ಎದ್ದುಹೋದರು, ಇದನ್ನು ಮುಚ್ಚಿಡುವುದೇಕೆ? ಉಳಿದವರು ಕೂತು ಕೇಳಿದರು. ಕೊನೆಯ ಹಾಡಿಗೆ ಬಿದ್ದ ಚಪ್ಪಾಳೆ ಮೊದಲಿನಷ್ಟು ದೊಡ್ಡದಿರಲಿಲ್ಲ, ಆದರೆ ಬೇಗ ನಿಲ್ಲಲೂ ಇಲ್ಲ.

ಧಾರಾವಾಹಿಯವರಿಗೆ ಸಿಟ್ಟು ಬಂತು. ಕಿರಿಮಗನನ್ನು ಹೊರದೇಶಕ್ಕೆ ಕಳಿಸಿ, ಅಲ್ಲಿ ಅವನ ಮುಖಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿ, ಬೇರೊಬ್ಬ ನಟನನ್ನು ವಾಪಸು ಕರೆಸಿದರು. ಮುಖ ಹೋಯಿತು, ಧ್ವನಿ ಉಳಿಯಿತು. ಜನ ಎರಡೇ ದಿನದಲ್ಲಿ ಒಗ್ಗಿಕೊಂಡರು. ನಿಲ್ದಾಣದವರು ಇದರಿಂದ ಕುಗ್ಗಿಹೋಗಿ, ವಿಳಾಸ ಹುಡುಕಿಕೊಂಡು ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು, “ನನ್ನಿಂದ ನಿನ್ನ ಕೆಲಸ ಹೋಯ್ತು ಮಗು. ನಾನೂ ಬಿಟ್ಬಿಡ್ತೀನಿ,” ಅಂದರು. ಆ ಧ್ವನಿಗೆ ಕಪಾಟಿನೊಳಗಿನ ಲೋಟಗಳು ಕಂಪಿಸಿದವು.

“ಬೇಡ ಸರ್,” ಅಂದ ಕೆಮ್ಮಣ್ಣ. “ಇಬ್ಬರೂ ಕೆಲಸ ಇಲ್ದೆ ಕೂತ್ರೆ ಅಕ್ಕ ಯಾರನ್ನ ಬೈಬೇಕು ಅಂತ ಗೊಂದಲ ಆಗತ್ತೆ.”

ಅವರು ನಕ್ಕರು. ಅಮ್ಮ ಅಷ್ಟರಲ್ಲಿ ಅವರ ಅಂಗಿಯ ಕಾಲರು ಸವೆದಿರುವುದನ್ನು ಗಮನಿಸಿ, ಬಿಚ್ಚಿಕೊಡಿ, ತಿರುಗಿಸಿ ಹೊಲಿದುಕೊಡ್ತೀನಿ ಎಂದು ಹಟ ಹಿಡಿದಳು. ಅಪ್ಪನ ಅಂಗಿ ತೊಟ್ಟು, ಮೊಣಕಾಲಿನವರೆಗೆ ಇಳಿಬಿಟ್ಟುಕೊಂಡು ಅವರು ಒಂದು ಗಂಟೆ ಕೂತಿದ್ದರು. ಅಂದಿನಿಂದ ಮನೆಯವರೇ ಆದರು.

ಮುಂದಿನ ಎಂಟು ತಿಂಗಳು ಯಾರೂ ಕರೆಯಲಿಲ್ಲ. ಕರೆದವರೂ ಧ್ವನಿ ಕೇಳಿ ‘ತಿಳಿಸ್ತೀವಿ’ ಅಂದರು. ಸಣ್ಣ ಸಣ್ಣ ಕೋಣೆಗಳಲ್ಲಿ ಮೂವತ್ತು, ನಲವತ್ತು ಜನರ ಮುಂದೆ ಹಾಡುತ್ತಿದ್ದ. ಹಾಗೊಂದು ಸಂಜೆ ಹಾಡು ಮುಗಿದ ಮೇಲೆ ಕನ್ನಡಕದ ಹೆಂಗಸೊಬ್ಬಳು ಬಂದು, ತಾನು ಮೊದಲ ಸಿನಿಮಾ ಮಾಡುತ್ತಿರುವುದಾಗಿ ಹೇಳಿದಳು. ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವವನೊಬ್ಬನ ಕಥೆ.

“ನಿಮ್ಮ ಧ್ವನಿ ಕೇಳಿದ್ರೆ ಯಾರೂ ಹೆದರಲ್ಲ,” ಅಂದಳು.

“ಅದೇ ನನ್ನ ತೊಂದರೆ.”

“ಅದೇ ನಂಗೆ ಬೇಕಾಗಿರೋದು. ಬಾಗಿಲಾಚೆ ನಿಂತು ಅವನು ‘ಮೀಟರ್’ ಅಂದ್ರೆ ಒಳಗಿರೋರಿಗೆ ಬಾಗಿಲು ತೆಗೀಬೇಕು ಅನ್ನಿಸ್ಬೇಕು.”

ಕೆಮ್ಮಣ್ಣ ನಿಜವಾದ ಮೀಟರ್ ಓದುವವರೊಬ್ಬರ ಹಿಂದೆ ಒಂದು ತಿಂಗಳು ಸುತ್ತಿದ. ಟಾರ್ಚು ಹಿಡಿಯುವುದನ್ನು ಕಲಿತ, ಮೆಟ್ಟಿಲ ಕೆಳಗಿನ ಜೇಡರ ಬಲೆಯನ್ನು ಮುಖದಿಂದಲೇ ಸರಿಸುವುದನ್ನು ಕಲಿತ, ಒಂದು ನಾಯಿಯಿಂದ ಕಚ್ಚಿಸಿಕೊಂಡೂ ಬಂದ. ಚುಚ್ಚುಮದ್ದಿಗೆ ಅಕ್ಕನ ಆಸ್ಪತ್ರೆಗೇ ಹೋಗಬೇಕಾಯಿತು. “ಪಾತ್ರದ ಆಳಕ್ಕೆ ಇಳೀತಾನಂತೆ, ನಾಯಿ ಇವನ ಆಳಕ್ಕೆ ಇಳಿದಿದೆ,” ಎಂದು ಅವಳು ನರ್ಸುಗಳಿಗೆಲ್ಲ ಹೇಳಿದಳು. ಸೂಜಿ ಚುಚ್ಚುವಾಗ ಅವನ ಕೈ ಹಿಡಿದುಕೊಂಡದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಸಿನಿಮಾ ಎರಡು ಚಿತ್ರಮಂದಿರದಲ್ಲಿ ಬಂತು. ಮೊದಲ ವಾರದ ಮಧ್ಯಾಹ್ನದ ಆಟಕ್ಕೆ ಮನೆಯವರು ನಾಲ್ವರು, ನಿಲ್ದಾಣದವರು, ಬಿಟ್ಟರೆ ಅರವತ್ತೋ ಎಪ್ಪತ್ತೋ ಜನ. ಪರದೆಯ ಮೇಲೆ ಆರಡಿಯ ಆಸಾಮಿ ಬಗ್ಗಿ ಬಗ್ಗಿ ಮೀಟರ್ ಓದುತ್ತಾನೆ. ಅಂಕಿಗಳನ್ನು ಮೆಲ್ಲಗೆ ಗುನುಗುತ್ತಾನೆ, ಒಂದು ಕಡೆ ಆ ಗುನುಗೇ ಹಾಡಾಗುತ್ತದೆ. ಅಕ್ಕ ಪರದೆಗಿಂತ ಹೆಚ್ಚಾಗಿ ಕತ್ತಲಲ್ಲಿ ಕೂತವರ ಸದ್ದನ್ನೇ ಆಲಿಸಿದಳು. ಯಾರೂ ನಗಲಿಲ್ಲ, ನಗಬೇಕಾದ ಕಡೆ ಬಿಟ್ಟು. ನಿಲ್ದಾಣದವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಹೊರಗೆ ಬಂದಾಗ ಬಿಸಿಲಿತ್ತು. ಎಲ್ಲರೂ ಅಮ್ಮನ ಬಾಯಿಂದ ಏನು ಬರುತ್ತದೋ ಎಂದು ಕಾದರು. ಅವಳು ಮೊದಲು ರಸ್ತೆ ದಾಟಿದಳು. ಆಮೇಲೆ ಮಗನ ಕಡೆ ತಿರುಗಿ, “ಪಾಪ, ಆ ಮೀಟರಿನವನು ಕೊನೇಲಿ ಮನೆ ಸೇರಿದ್ನಾ? ಅವನು ಊಟ ಮಾಡಿದ್ದು ಒಂದ್ಕಡೇನೂ ತೋರಿಸ್ಲಿಲ್ವಲ್ಲೋ,” ಅಂದಳು.

“ಸೇರಿದ ಅಮ್ಮ.”

“ಊಟ?”

“ಅದೂ ಆಯ್ತು.”

ಅಮ್ಮ ನಿರಾಳವಾಗಿ ಮುಂದೆ ನಡೆದಳು. ಕೆಮ್ಮಣ್ಣ ನಡುಬೀದಿಯಲ್ಲಿ ನಿಂತು, ಆ ಕನ್ನಡಕದ ನಿರ್ದೇಶಕಿಗೆ ಅಲ್ಲಿಂದಲೇ ಫೋನು ಮಾಡಿದ. ಸಂದೇಶ ಬರೆಯಲಿಲ್ಲ, ಕರೆಯೇ ಮಾಡಿದ. ಅಮ್ಮ ಹೇಳಿದ್ದನ್ನು ತನ್ನ ಸಣ್ಣ ಧ್ವನಿಯಲ್ಲಿ ಎಷ್ಟು ಜೋರಾಗಿ ಹೇಳಿದನೆಂದರೆ, ಅಂಗಡಿಯವರೆಲ್ಲ ತಲೆ ಹೊರಗೆ ಹಾಕಿ ನೋಡಿದರು.

ಸಿನಿಮಾ ಮೂರು ವಾರ ಓಡಿತು. ನೋಡಿದವರು ನೋಡದವರಿಗೆ ಹೇಳಿದರು. ಈಗ ಅವನಿಗೆ ಇಪ್ಪತ್ತೇಳು. ಮೂರನೆಯ ಸಿನಿಮಾ ನಡೆಯುತ್ತಿದೆ, ಅದರಲ್ಲಿ ಅಂಚೆ ಕಚೇರಿಯ ಗುಮಾಸ್ತ. ಎರಡು ಬೀದಿ ಆಚೆ ಬಾಡಿಗೆ ಕೋಣೆ ಹಿಡಿದಿದ್ದಾನೆ, ಊಟಕ್ಕೆ ಮಾತ್ರ ಮನೆಗೇ ಬರುತ್ತಾನೆ. ಹೊಸ ಹಾಡು ಕಟ್ಟಿದಾಗ ಮೊದಲು ಅಕ್ಕನಿಗೆ ಕೇಳಿಸುತ್ತಾನೆ, ಅವಳು ಎಲ್ಲಾದರೂ ಒಂದು ತಪ್ಪು ಹುಡುಕುತ್ತಾಳೆ, ಅವನು ವಾದಿಸುತ್ತಾನೆ. ಮೊನ್ನೆ ಎಷ್ಟು ಹುಡುಕಿದರೂ ಅವಳಿಗೆ ತಪ್ಪು ಸಿಗಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡದ್ದು ಸರಿಯಿಲ್ಲ ಎಂದು ಬೈದು ಕಳಿಸಿದಳು.